ಕೋಟೆಯಿಲ್ಲದ ಕೋಟೆದಿಣ್ಣೆ

ನವೆಂಬರ್ 12, 2001, ಸೋಮವಾರ

ಇದನ್ನು ಯಾರಿಗೂ ತೋರಿಸಲು ಬರೆಯುತ್ತಿಲ್ಲ. ಮನೆಯಲ್ಲಿ ಗಂಡ ಇದ್ದಾನೆ, ಆದರೆ ಏಪ್ರಿಲ್‌ನಿಂದ ಲ್ಯಾಂಟಿಯ ಬಾಯಲ್ಲಿ ಬರುವ ಮಾತು ಎರಡೇ: ಟೀ ಆಯ್ತಾ, ಒಲೆಗೆ ಕಲ್ಲಿದ್ದಲು ಇದೆಯಾ. ದೇವರ ಹತ್ತಿರ ದಿನವೂ ಮಾತಾಡುತ್ತೇನೆ. ಆದರೆ ಅಲ್ಲಿ ಬೇರೆಯವರಿಗಾಗಿ ಬೇಡುವುದು ನಮ್ಮ ಮನೆಯ ರೂಢಿ, ನಮ್ಮ ಗೋಳು ತೋಡಿಕೊಳ್ಳುತ್ತ ಕೂರುವುದನ್ನು ಅಮ್ಮ ಕಲಿಸಲಿಲ್ಲ. ಅದಕ್ಕೇ ಈ ಪುಸ್ತಕ.

ಏಪ್ರಿಲ್‌ನಲ್ಲಿ ಕಾಲುಬಾಯಿ ರೋಗ ಪಕ್ಕದ ಕಣಿವೆಗೆ ಬಂತು. ನಮ್ಮ ಕುರಿಗಳಿಗೆ ಬಂದಿರಲಿಲ್ಲ. ರೋಗ ಬಂದ ಜಮೀನಿನ ಗಡಿಗೆ ತಾಗಿದ ಮಂದೆಯನ್ನೆಲ್ಲ ಕೊಲ್ಲಬೇಕು ಎಂದು ಸರ್ಕಾರದ ನಿಯಮವಾಗಿತ್ತು. ನಮ್ಮವೂ ಹೋದವು, ಹೊಟ್ಟೆಯಲ್ಲಿ ಮರಿ ಇದ್ದವೂ ಹೋದವು. ಇಷ್ಟು ಬರೆದರೆ ಸಾಕು.

ಇವತ್ತು ಬೆಳಿಗ್ಗೆ ಲ್ಯಾಂಟಿ ಬಟ್ಟಲು ಕೆಳಗಿಟ್ಟು, "ಮೇಣಬತ್ತಿ ಹಬ್ಬಕ್ಕೆ ಧಣಿಯ ಏಜೆಂಟ್ ಹತ್ರ ಹೋಗಿ ಗೇಣಿ ಬಿಡ್ತೀನಿ ಅಂತ ಹೇಳಿಬಿಡ್ತೀನಿ" ಎಂದ. ಫೆಬ್ರವರಿ ಎರಡಕ್ಕೆ ಮೇಣಬತ್ತಿ ಹಬ್ಬ. ನಮ್ಮ ಕಡೆ ಜಮೀನು ಹಿಡಿಯುವವರು, ಬಿಡುವವರು ಮಾತು ಕೊಡುವುದು ಅವತ್ತೇ.

"ಮತ್ತೆ ಕುರಿ ತರಬಹುದಲ್ಲ" ಎಂದೆ, ಹೇಳಬೇಕಲ್ಲ ಎಂದು.

"ಕುರಿ ಸಂತೇಲಿ ಸಿಗ್ತದೆ. ಬುದ್ಧಿ ಸಿಗ್ತದಾ?"

ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಬೆಟ್ಟಕ್ಕೆ ಬೇಲಿಯಿಲ್ಲ. ಯಾವ ಬಂಡೆಯವರೆಗೆ ನಮ್ಮ ಮೇವು, ಹಿಮ ಬಿದ್ದರೆ ಎಲ್ಲಿ ಮರೆ ಎನ್ನುವುದನ್ನು ತಾಯಿಕುರಿ ಮರಿಗೆ ಕಲಿಸುತ್ತದೆ, ಆ ಮರಿ ತನ್ನ ಮರಿಗೆ. ಎಲ್ಲವನ್ನೂ ಒಂದೇ ದಿನ ತೆಗೆದ ಮೇಲೆ ಕಲಿಸುವವರು ಯಾರು? ಹೊರಗಿನ ಕುರಿ ತಂದು ಬಿಟ್ಟರೆ ಅದು ತನ್ನ ಹಳೆಯ ಮನೆ ಹುಡುಕಿಕೊಂಡು ಹೊರಟುಬಿಡುತ್ತದೆ.

ಪೆನ್ರಿತ್ ಪೇಟೆಯಲ್ಲಿ ಮೆಟ್ಟಿಲಿಲ್ಲದ ಪುಟ್ಟ ಮನೆಯೊಂದು ನೋಡಿಟ್ಟಿದ್ದೇವೆ. ದೇವರ ಚಿತ್ತ ಅದಾದರೆ ನಾನು ಎದುರು ಹೇಳುವವಳಲ್ಲ.

ಅಡುಗೆಮನೆಯ ಹಿಂದಿನ ಕಿಟಕಿಯ ಪರದೆ ಒಗೆದು ಹಾಕಿದೆ. ಬೆಟ್ಟದ ಕಡೆಯ ಆ ಪರದೆಯನ್ನು ನಾನು ತೆಗೆಯುವುದಿಲ್ಲ. ಬಿಸಿಲಿಗೆ ಮೇಜುಬಟ್ಟೆಯ ಬಣ್ಣ ಹೋಗುತ್ತದೆ.

ನವೆಂಬರ್ 14, ಬುಧವಾರ

ಸೂರ್ಯನನ್ನು ಕಂಡು ವಾರವಾಯಿತು, ಬರೀ ಮಳೆ. ಆಗ್ನೆಸ್ ಬಂದಿದ್ದಳು. ಲ್ಯಾಂಟಿಯ ಅಕ್ಕ, ಗಂಡ ಹೋದ ಮೇಲೆ ಊರಿನಲ್ಲಿ "ಕೋಟೆ ಟೀ ಅಂಗಡಿ" ನಡೆಸುತ್ತಾಳೆ. ಅಂಗಡಿಯ ಹೆಸರಿನ ಹಲಗೆಯ ಮೇಲೆ ಒಂದು ಗೋಪುರದ ಚಿತ್ರ, ಮೇಲೊಂದು ಬಾವುಟ. ನಮ್ಮ ಹಿಂದಿನ ಹೊಲದ ಕೋಟೆದಿಣ್ಣೆಯಲ್ಲಿ ಗೋಪುರವೂ ಇಲ್ಲ, ಬಾವುಟವೂ ಇಲ್ಲ. ಹುಲ್ಲು ಬೆಳೆದ ಗುಂಡಗಿನ ದಿಣ್ಣೆ, ಸುತ್ತ ಕಂದಕ, ಅದರಾಚೆ ಮಣ್ಣಿನ ಒಡ್ಡು, ಅಷ್ಟೇ. ನೂರೈವತ್ತು ವರ್ಷದ ಹಿಂದೆ ಇಲ್ಲಿದ್ದ ಪಾದ್ರಿಯೊಬ್ಬರು ಅದನ್ನು ಸರ್ ರೇನಲ್ಫ್ ಎಂಬ ಸರದಾರನ ಕೋಟೆ ಎಂದು ಬರೆದರು. ಅವತ್ತಿನಿಂದ ಅದು ಕೋಟೆ.

"ಲ್ಯಾಂಟಿ, ವಿಶ್ವವಿದ್ಯಾಲಯದಿಂದ ಜನ ಬರ್ತಾರೆ, ಅಗೆದು ನೋಡ್ತಾರೆ. ಕೋಟೆ ಅಂತ ಸಾಬೀತಾದ್ರೆ ಬೇಸಿಗೆಗೆ ಬಸ್‌ಗಟ್ಟಲೆ ಜನ. ಈ ವರ್ಷ ರೋಗ ಅಂತ ದಾರಿಯೆಲ್ಲ ಮುಚ್ಚಿ ಒಂದು ನರಪಿಳ್ಳೆ ಬರಲಿಲ್ಲ. ಊರೇ ಒಣಗಿ ಹೋಯ್ತು. ನೀನು ಹ್ಞೂಂ ಅಂದ್ರೆ ಸಾಕು."

"ನವೆಂಬರ್‌ನಲ್ಲಿ ಅಗೀತಾರಾ? ತಲೆ ಸರಿ ಇದೆಯಾ ಅವರಿಗೆ?"

"ಓದಿದೋರು ಕಣೋ, ತಲೆ ಸರಿ ಇರಬೇಕು ಅಂತ ಏನಿಲ್ಲ."

"ಅಗೀಲಿ ಬಿಡು. ಫೆಬ್ರವರಿ ಆದ್ಮೇಲೆ ಅದು ನಂದೂ ಅಲ್ಲ."

ಆಗ್ನೆಸ್ ನನ್ನ ಮುಖ ನೋಡಿದಳು. ನಾನು ಕೆಟಲ್ ತುಂಬಿಸಲು ಎದ್ದೆ.

ನವೆಂಬರ್ 18, ಭಾನುವಾರ

ಪ್ರಾರ್ಥನೆಗೆ ಊರಿನ ಚಾಪೆಲ್‌ಗೆ ಹೋಗಿದ್ದೆ. ಬೋಧಕರು ಕಳೆದುಹೋದ ಕುರಿಯ ಮೇಲೆ ಬೋಧಿಸಿದರು. ಇಡೀ ಬೈಬಲ್‌ನಲ್ಲಿ ಅವರಿಗೆ ಬೇರೆ ಸಿಗಲಿಲ್ಲವೇ? ಒಳ್ಳೆಯ ಹುಡುಗ, ಲಿವರ್‌ಪೂಲ್‌ನಿಂದ ಬಂದವನು, ಗೊತ್ತಾಗುವುದಿಲ್ಲ. ಹಾಡುವಾಗ ಸುಮ್ಮನೆ ಪುಸ್ತಕ ಹಿಡಿದು ನಿಂತಿದ್ದೆ. ಈ ಚಳಿಗೆ ನನ್ನ ದನಿ ಏಳುವುದಿಲ್ಲ.

ಹೊರಗೆ ಬರುವಾಗ ವಿಲ್ಸನ್ ಬರ್ಕೆಟ್ ಸಿಕ್ಕಿದ. ಬೆಟ್ಟದ ಆಚೆ ಮಗ್ಗುಲಿನವನು. ಅವನ ಮಂದೆ ಉಳಿಯಿತು.

"ಥೆಲ್ಮಾ, ನಿನ್ನ ಗಂಡ ನನ್ನ ಕಂಡ್ರೆ ಸಾಲ ಕೊಟ್ಟೋನ್ನ ಕಂಡಂಗೆ ಬೇರೆ ಬೀದಿ ಹಿಡೀತಾನಲ್ಲ. ನಾನೇನು ಮಾಡ್ದೆ?"

"ನಿನ್ನ ಕುರಿ ಬದುಕಿದೆಯಲ್ಲ, ಅದು ಮಾಡ್ದೆ" ಎಂದುಬಿಟ್ಟೆ. ಚಾಪೆಲ್ ಬಾಗಿಲಲ್ಲೇ. ಅವನು ಟೋಪಿ ತಿರುಗಿಸುತ್ತ ನಿಂತ. ಪಾಪ ಅನಿಸಿತು, ಆದರೆ ಆಡಿದ್ದು ಆಡಿಯಾಗಿತ್ತು.

ನವೆಂಬರ್ 26, ಸೋಮವಾರ

ಅಗೆಯುವವರು ಬಂದರು. ಮಿಸ್ ಹೆಸ್ಕೆತ್ ಅಂತ ಮುಖ್ಯಸ್ಥೆ, ಅವಳ ಜತೆ ಇಬ್ಬರು ಓದುವ ಹುಡುಗಿಯರು. ಗೇಟಿನಲ್ಲೇ ಬೂಟನ್ನು ಔಷಧದ ನೀರಲ್ಲಿ ತಿಕ್ಕಿ ತೊಳೆದು ಒಳಗೆ ಬಂದರು. ಯಾರೂ ಹೇಳಿರಲಿಲ್ಲ. ಅದೊಂದರಿಂದಲೇ ನನಗೆ ಹಿಡಿಸಿದರು.

"ನಿಮಗೆ ತೊಂದರೆ ಕೊಡಲ್ಲ, ನಮ್ಮ ಬುತ್ತಿ ನಮ್ಮ ಹತ್ರ ಇದೆ" ಎಂದಳು ಮಿಸ್ ಹೆಸ್ಕೆತ್.

ಬುತ್ತಿ ಎಂದರೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ತಣ್ಣನೆಯ ಸ್ಯಾಂಡ್‌ವಿಚ್. "ಅದನ್ನ ಕೋಳಿಗೆ ಹಾಕಿ, ಒಂದು ಗಂಟೆಗೆ ಒಳಗೆ ಬನ್ನಿ" ಎಂದೆ. ಶುಂಠಿ ಕೇಕ್ ಬೇಯಿಸಿದೆ. ತುಂಬ ದಿನದ ಮೇಲೆ ಬೇಯಿಸಿದ್ದು, ತಳ ಸ್ವಲ್ಪ ಹಿಡಿಯಿತು.

ಕೆಲಸದವರಿಗೆ ಯಾವಾಗ ಕೆಟಲ್ ಇಡಬೇಕು ಎಂದು ತಿಳಿಯಬೇಕಲ್ಲ, ಹಿಂದಿನ ಕಿಟಕಿಯ ಪರದೆ ಒಂದಿಷ್ಟು ಸರಿಸಿಟ್ಟೆ.

ನವೆಂಬರ್ 29, ಗುರುವಾರ

ಕೋಟೆ ಇಲ್ಲ. ದಿಣ್ಣೆಯ ಮೇಲೆ ಕಲ್ಲಿಲ್ಲ, ಗೋಡೆಯ ಪಾಯವಿಲ್ಲ, ಮರದ ಕಂಬ ನೆಟ್ಟ ಗುಂಡಿಯೂ ಇಲ್ಲ. ಆಗ್ನೆಸ್ ಒಳ್ಳೆಯ ಕೋಟು ಹಾಕಿಕೊಂಡು ಗುಂಡಿಯ ಅಂಚಿಗೆ ಬಂದು ನಿಂತಿದ್ದಳು.

"ಇನ್ನೂ ಕೆಳಗೆ ಹೋಗಿ. ಸರದಾರ ಅಂದ್ರೆ ಆಳವಾಗೇ ಕಟ್ಟಿರ್ತಾನೆ."

"ಕೆಳಗೆ ಬರೀ ಜಲ್ಲಿಮಣ್ಣು, ಮೇಡಂ. ಹಿಂದೆ ಈ ಕಣಿವೆ ತುಂಬ ಹಿಮದ ಗಡ್ಡೆ ಇತ್ತಲ್ಲ, ಅದು ಕರಗುವಾಗ ಬಿಟ್ಟುಹೋದ ಗುಡ್ಡೆ ಇದು. ಮನುಷ್ಯ ಮಾಡಿದ್ದು ಕಂದಕ ಮತ್ತೆ ಒಡ್ಡು ಮಾತ್ರ."

"ಯಾಕೆ ಮಾಡಿದ್ರು ಮತ್ತೆ? ಕೆಲಸ ಇರ್ಲಿಲ್ವಾ ಅವರಿಗೆ?"

"ಅದೇ ನನಗೂ ಗೊತ್ತಿಲ್ಲ. ನಾಳೆಯಿಂದ ಕಂದಕದ ತಳ ನೋಡ್ತೀವಿ."

ಗೊತ್ತಿಲ್ಲ ಎಂದು ಹೀಗೆ ಆರಾಮಾಗಿ ಹೇಳುವ ಓದಿದವರನ್ನು ನಾನು ಕಂಡಿರಲಿಲ್ಲ. ದಿಣ್ಣೆಯನ್ನು ದೇವರೇ ಇಟ್ಟಿದ್ದು ಎಂದು ಕೇಳಿ ನನಗಂತೂ ಸಂತೋಷವಾಯಿತು. ಸರ್ ರೇನಲ್ಫ್‌ಗಿಂತ ದೊಡ್ಡವನ ಕೆಲಸ. ಆಗ್ನೆಸ್‌ಗೆ ಹಾಗೆಂದೆ. ಅವಳು ಟೀ ಕುಡಿಯದೆ ಹೋದಳು.

ಡಿಸೆಂಬರ್ 3, ಸೋಮವಾರ

ಹನ್ನೊಂದರ ಹೊತ್ತಿಗೆ ಕಿಟಕಿಯಿಂದ ನೋಡಿದರೆ ಮೂವರೂ ಗುದ್ದಲಿ ಕೆಳಗಿಟ್ಟು ನಿಂತಿದ್ದರು. ನಾನು ಏಪ್ರನ್‌ನಲ್ಲೇ ಹೋದೆ. ಕಂದಕದ ತಳದಲ್ಲಿ ಮೂಳೆ. ಒಂದೆರಡಲ್ಲ. ದನದ ಬುರುಡೆಗಳು, ಪಕ್ಕೆಗಳು, ಒತ್ತೊತ್ತಾಗಿ, ಮೇಲೆ ಸುಣ್ಣದ ಬಿಳಿ ಪದರ ಗಟ್ಟಿಯಾಗಿ ಕೂತಿದೆ.

ಮಿಸ್ ಹೆಸ್ಕೆತ್ ನನ್ನ ತೋಳು ಹಿಡಿದಳು. "ಶ್ರೀಮತಿ ರೆಲ್ಫ್, ನೀವು ನೋಡಬೇಡಿ."

"ನೋಡಿ ಆಯ್ತಲ್ಲ" ಎಂದೆ.

ಪಶುವೈದ್ಯರನ್ನು ಕರೆಸಿದರು. ಅವರು ಬಂದು, ತುಂಬ ಹಳೆಯದು, ಭಯಪಡುವಂಥದ್ದೇನೂ ಇಲ್ಲ ಎಂದರು. ಮೂಳೆಗಳ ನಡುವೆ ತಂಬಾಕು ಸೇದುವ ಮಣ್ಣಿನ ಕೊಳವೆಯ ಚೂರುಗಳು ಸಿಕ್ಕಿವೆ, ಆಗ ಹೂತವರು ಸೇದಿ ಎಸೆದದ್ದು. ಅದರ ಆಕಾರ ನೋಡಿ ಮಿಸ್ ಹೆಸ್ಕೆತ್ ಕಾಲ ಹೇಳಿದಳು: ಇನ್ನೂರೈವತ್ತು ವರ್ಷದ ಆಸುಪಾಸು. ಆಗ ದನಗಳಿಗೆ ದೊಡ್ಡರೋಗ ಬಂದು ದೇಶದಲ್ಲೆಲ್ಲ ಕೊಟ್ಟಿಗೆ ಬರಿದಾದವಂತೆ. ಸತ್ತ ದನವನ್ನು ಆಳಕ್ಕೆ ಹೂಳಬೇಕು ಎಂದು ಸರ್ಕಾರದ ಆಜ್ಞೆ ಇತ್ತಂತೆ. ಬೇರೆ ದನ ಆ ಹುಲ್ಲಿಗೆ ಬಾಯಿ ಹಾಕದಿರಲಿ ಎಂದು ಒಡ್ಡು ಎತ್ತಿರಬಹುದು.

"ಇರಬಹುದು ಅಂದ್ರೆ?"

"ಅಂದ್ರೆ ಇರಬಹುದು. ಕಂದಕ ಮೊದಲೇ ಇದ್ದು, ಆಮೇಲೆ ಹೂಳಲು ಬಳಸಿರಲೂಬಹುದು. ಕೋಟೆ ಅಲ್ಲ ಅನ್ನೋದು ಮಾತ್ರ ನಿಜ."

ಹಿಂದೆ ತಿರುಗಿದರೆ ಲ್ಯಾಂಟಿ. ಯಾವಾಗ ಬಂದನೋ. ಏಪ್ರಿಲ್ ಆದ ಮೇಲೆ ಅವನು ಹಿಂದಿನ ಹೊಲಕ್ಕೆ ಕಾಲಿಟ್ಟಿರಲಿಲ್ಲ. ಅಂಚಿಗೆ ಬಂದು ಕೆಳಗೆ ಬಗ್ಗಿ ನೋಡಿದ.

ಹುಡುಗಿಯರಲ್ಲೊಬ್ಬಳು, "ಇಷ್ಟು ದೊಡ್ಡ ವಿಷಯಾನ ಊರಿನೋರು ಹೇಗೆ ಮರೆತುಬಿಟ್ರು?" ಎಂದಳು.

"ಮರೀಲಿಲ್ಲ" ಎಂದ ಲ್ಯಾಂಟಿ. "ಹೇಳ್ಲಿಲ್ಲ ಅಷ್ಟೇ. ನಮ್ಮಜ್ಜ ನನ್ಹತ್ರ, ಅಲ್ಲಿ ನೇಗಿಲು ಹಾಕ್ಬೇಡ, ಸರದಾರ ಮಲಗಿದಾನೆ ಅಂದ. ಯಾಕೆ ಅಂತ ನಾ ಕೇಳಲಿಲ್ಲ. ಅವನಿಗೆ ಅವನಜ್ಜ ಹಂಗೇ ಅಂದಿರ್ತಾನೆ. ಮೊದಲ ಸಲ ಹೇಳಿದೋನಿಗೆ ಮಾತ್ರ ಗೊತ್ತಿತ್ತು."

ಎಂಟು ತಿಂಗಳಲ್ಲಿ ಅವನು ಇಷ್ಟು ಉದ್ದ ಮಾತಾಡಿದ್ದು ಇದೇ ಮೊದಲು.

ಡಿಸೆಂಬರ್ 5, ಬುಧವಾರ

ಊಟದ ಹೊತ್ತಿಗೆ ಲ್ಯಾಂಟಿ ತಾನಾಗೇ ಶುರುಮಾಡಿದ. ಏಪ್ರಿಲ್‌ನ ಆ ದಿನ ಅಧಿಕಾರಿಗಳಿಗೆ ಕುರಿ ಒಟ್ಟುಮಾಡಲು ಆಗಲಿಲ್ಲವಂತೆ. ಇವನು ಮೇವಿನ ಚೀಲ ಅಲ್ಲಾಡಿಸಿದನಂತೆ. ಎಲ್ಲವೂ ಓಡಿ ಬಂದವಂತೆ.

"ನನ್ನ ನಂಬಿ ಬಂದ್ವು ಕಣೇ" ಎಂದ.

ನಾನು ಅವನ ತಟ್ಟೆ ಸರಿಸಿ ಕೈ ಹಿಡಿದುಕೊಂಡೆ. ಇನ್ನು ಬರೆಯಲಾರೆ.

ಡಿಸೆಂಬರ್ 9, ಭಾನುವಾರ

ಚಾಪೆಲ್ ಆದ ಮೇಲೆ ಹಿಂದಿನ ಕೋಣೆಯಲ್ಲಿ ಟೀ. ಆಗ್ನೆಸ್ ಮುಖ ಊದಿಸಿಕೊಂಡಿದ್ದಳು.

"ಗೋಪುರ ನೋಡೋಕೆ ಅಂತ ಜನ ಬರ್ತಾರೆ. ಸತ್ತ ದನ ನೋಡಿಕೊಂಡು ಯಾರು ಟೀ ಕುಡೀತಾರೆ ಹೇಳು?"

"ನಿನ್ನ ಕೇಕ್ ಚೆನ್ನಾಗಿದ್ರೆ ಕುಡೀತಾರೆ" ಎಂದ ವಿಲ್ಸನ್.

"ಕೇಕ್‌ಗೇನಾಗಿದೆ?"

"ಏನೂ ಆಗಿಲ್ಲ ಮಾರಾಯ್ತಿ, ಆ ಸರ್ ರೇನಲ್ಫ್ ಕಾಲದಿಂದ ಹಾಗೇ ಇದೆ."

ಎಲ್ಲರೂ ನಕ್ಕರು. ಆಗ್ನೆಸ್‌ಗೂ ಕೊನೆಗೆ ತಡೆಯಲಾಗಲಿಲ್ಲ. ಲ್ಯಾಂಟಿ ಬಾಗಿಲ ಹತ್ತಿರ ನನಗಾಗಿ ಕಾಯುತ್ತಿದ್ದವನು ವಿಲ್ಸನ್‌ನನ್ನು ಕಂಡು ತಲೆಯಾಡಿಸಿದ. ಬೇರೆ ಬೀದಿ ಹಿಡಿಯಲಿಲ್ಲ.

ಅದಕ್ಕೂ ಮುಂಚೆ ಪ್ರಾರ್ಥನೆಯಲ್ಲಿ ಆರ್ಗನ್ ನುಡಿಸುವ ಹೊಸಬಳು ಕೊನೆಯ ಹಾಡನ್ನು ಎಳೆದೆಳೆದು ಶವಸಂಸ್ಕಾರದ ಹಾಡು ಮಾಡಿದಳು. ಮೂರನೆಯ ಚರಣದಲ್ಲಿ ನಾನೇ ದನಿ ಎತ್ತಿ ಮುಂದಕ್ಕೆ ಎಳೆಯಬೇಕಾಯಿತು.

ಡಿಸೆಂಬರ್ 18, ಮಂಗಳವಾರ

ಕಂದಕ ಮುಚ್ಚಿದರು. ಮೂಳೆಗಳನ್ನು ಇದ್ದಲ್ಲೇ ಬಿಟ್ಟರು. ಹೋಗುವ ಮುಂಚೆ ಲ್ಯಾಂಟಿ ಮಿಸ್ ಹೆಸ್ಕೆತ್‌ಳನ್ನು ಕೇಳಿದ, "ಆಮೇಲೆ ಅವರೇನು ಮಾಡಿದ್ರು?"

"ಯಾರು?"

"ಹೂತೋರು."

"ಮಣ್ಣು ಅದನ್ನ ಹೇಳಲ್ಲ, ಮಿಸ್ಟರ್ ರೆಲ್ಫ್."

ಸಂಜೆ ಕಲ್ಲಿದ್ದಲಿಗೆ ಹೋದಾಗ ಕೊಟ್ಟಿಗೆ ಸೂರಿನ ಒಡೆದ ತೂಬಿನಿಂದ ನೀರು ನೇರ ನನ್ನ ಕುತ್ತಿಗೆಗೆ ಬಿತ್ತು. ಲ್ಯಾಂಟಿಯನ್ನು ಬೈಯಲು ತಲೆಯೆತ್ತಿದೆ. ಬಾಗಿಲ ಮೇಲಿನ ಕಲ್ಲು ಕಣ್ಣಿಗೆ ಬಿತ್ತು. ಮದುವೆಯಾಗಿ ಬಂದಾಗಿನಿಂದ ಅದರ ಕೆಳಗೇ ಓಡಾಡಿದ್ದೇನೆ. 1752 ಎಂದು ಕೆತ್ತಿದೆ, ಪಕ್ಕದಲ್ಲಿ ಒಂದು ಆರ್ ಅಕ್ಷರ, ನಮ್ಮ ರೆಲ್ಫ್‌ನ ಮೊದಲಕ್ಷರ. ಅಲ್ಲೇ ನಿಂತು ಲೆಕ್ಕ ಹಾಕಿದೆ. ದನಗಳೆಲ್ಲ ಮಣ್ಣಾದ ಮೇಲೆ ಯಾವನೋ ಇಷ್ಟು ದೊಡ್ಡ ಕೊಟ್ಟಿಗೆ ಕಟ್ಟಿದ್ದಾನೆ.

ಲ್ಯಾಂಟಿಯನ್ನು ಕೂಗಿ ತೋರಿಸಿದೆ. ಇಬ್ಬರೂ ಮಳೆಯಲ್ಲಿ ನಿಂತೆವು.

"ಕಲ್ಲು ಬೇರೆ ಕಡೆಯಿಂದ ತಂದಿದ್ದಿರಬಹುದು" ಎಂದ.

"ಇರಬಹುದು. ನೀನೂ ಮಿಸ್ ಹೆಸ್ಕೆತ್ ಆಗಿಬಿಟ್ಟೆಯಾ?"

ಬಾಯಿಯ ಒಂದು ಮೂಲೆಯಲ್ಲಿ ನಕ್ಕ. ಆಮೇಲೆ ಏಣಿ ತಂದು ತೂಬು ಸರಿಮಾಡಿದ. ಬಿಟ್ಟುಹೋಗುವ ಮನೆಯ ತೂಬು.

ಜನವರಿ 9, 2002, ಬುಧವಾರ

ಕ್ರಿಸ್‌ಮಸ್ ಮುಗಿಯಿತು. ಬರೆಯುವಂಥದ್ದೇನೂ ಇರಲಿಲ್ಲ. ಆದರೆ ಇವತ್ತು ವಿಲ್ಸನ್ ಅಂಗಳಕ್ಕೇ ಬಂದ. ಬಂದವನೇ ಜಗಳಕ್ಕೆ ನಿಂತ.

"ಲ್ಯಾಂಟಿ, ನಿನ್ನ ಬೆಟ್ಟ ನನ್ನ ಕುರಿಗಳನ್ನ ಕೆಡಿಸ್ತಿದೆ."

"ಬೆಟ್ಟ ಏನು ಮಾಡ್ತು?"

"ಖಾಲಿ ಬಿದ್ದಿದೆ. ಮೊದಲು ನಿನ್ನವು ಗಡೀಲಿ ನಿಂತು ನನ್ನವನ್ನ ಗುದ್ದಿ ಓಡಿಸ್ತಿದ್ವು. ಈಗ ಹೇಳೋರಿಲ್ಲ ಕೇಳೋರಿಲ್ಲ. ಬೇಸಿಗೆಯಿಂದ ಒಂದು ಗುಂಪು ನಿನ್ನ ಕಡೇನೇ ಬೀಡುಬಿಟ್ಟಿದೆ. ಹೊಡ್ಕೊಂಡು ಹೋದ್ರೆ ಮಾರನೇ ದಿನ ಮತ್ತೆ ಇಲ್ಲೇ. ದಿನಾ ಹತ್ತಿ ಇಳಿಯೋಕೆ ನಂಗೇನು ಹರೆಯವಾ? ನೀನೇ ಇಟ್ಕೋ ಅವನ್ನ."

"ನಂಗೆ ದಾನ ಬೇಡ ವಿಲ್ಸನ್."

"ದಾನ ಯಾರು ಕೊಟ್ಟ? ಮನೆ ಬಿಟ್ಟು ಹೋದ ಲಫಂಗ ಕುರಿಗಳು. ವಸಂತಕ್ಕೆ ಇಲ್ಲೇ ಮರಿ ಹಾಕ್ತಾವೆ, ಆ ಮರಿಗಳಿಗೆ ನಿನ್ನ ಬೆಟ್ಟಾನೇ ತವರು. ಈಗ ಕುರಿ ಸಾಗಿಸೋಕೆ ಬೇಕಾದ ಸರ್ಕಾರದ ಪರವಾನಗಿ ನಾನು ತರ್ತೀನಿ. ಬದಲಿಗೆ ನಾಲ್ಕು ವರ್ಷ ಬಿಟ್ಟು ನನಗೆ ಅಷ್ಟೇ ಕುರಿ ವಾಪಸ್ ಕೊಡು, ಲೆಕ್ಕ ಸರಿ ಆಗ್ತದೆ."

ಲ್ಯಾಂಟಿ ಪೊರಕೆ ಹಿಡಿದು ನಿಂತಿದ್ದ. "ನೋಡೋಣ" ಎಂದ.

ವಿಲ್ಸನ್ ಹೋಗುವಾಗ ಅವನ ಕೈಗೆ ಶುಂಠಿ ಕೇಕ್ ಕಟ್ಟಿಕೊಟ್ಟೆ. ಚಾಪೆಲ್ ಬಾಗಿಲಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಿದೆ. "ಯಾವ ಮಾತು?" ಎಂದ. ಸುಳ್ಳುಗಾರ.

ಜನವರಿ 13, ಭಾನುವಾರ

ಲ್ಯಾಂಟಿ ಚಾಪೆಲ್‌ಗೆ ಬರಲಿಲ್ಲ, ವಿಲ್ಸನ್ ಜತೆ ಬೆಟ್ಟ ಹತ್ತಿದ. ಭಾನುವಾರ ಕೆಲಸ ತಪ್ಪು, ಆದರೂ ಅವನ ಬೂಟು ತಂದಿಟ್ಟೆ. ಮೊಣಕಾಲವರೆಗೆ ಒದ್ದೆಯಾಗಿ ಬಂದ.

"ಆ ಗುಂಪಲ್ಲಿ ಕೊಂಬು ಮುರಿದ ಕುರಿಯೊಂದಿದೆ. ಅದೇ ಯಜಮಾನ್ತಿ. ಹಿಮಕ್ಕೆ ಎಲ್ಲಿ ಮಲಗಬೇಕು ಅಂತ ಆಗಲೇ ಕಂಡುಕೊಂಡಿದಾಳೆ. ನಮ್ಮವು ಮಲಗ್ತಿದ್ದ ಜಾಗಾನೇ."

"ಯಾರು ಕಲಿಸಿದ್ರು?"

"ಯಾರೂ ಇಲ್ಲ. ಗಾಳಿ ಎಲ್ಲಿ ಬೀಸಲ್ಲ ಅಂತ ಹುಡುಕಿದಾಳೆ."

ಎರಡು ಬಟ್ಟಲು ಟೀ ಕುಡಿದ. ಗೇಣಿಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಜನವರಿ 22, ಮಂಗಳವಾರ

ಆಗ್ನೆಸ್ ಅಳತೆ ಪಟ್ಟಿ ಹಿಡಿದು ಬಂದಳು. ಪೆನ್ರಿತ್ ಮನೆಯ ಕಿಟಕಿಗೆ ನಮ್ಮ ಪರದೆಗಳು ಆಗುತ್ತವೆಯೇ ನೋಡಬೇಕಂತೆ. ಅವಳ ಕೈಯಿಂದ ಪರದೆ ಕಿತ್ತುಕೊಂಡು, ಆ ಮನೆಯ ಕಿಟಕಿಗಳು ಪಾರಿವಾಳದ ಗೂಡಿನ ಹಾಗಿವೆ, ಅದರಿಂದ ಎದುರುಮನೆಯ ಕಾರು ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದೆ. ಯಾಕೆ ಅಷ್ಟು ರೇಗಿದೆನೋ. ಹಲ್ಲುನೋವು ಬರುವ ಹಾಗಿದೆ.

"ಸರಿ ಸರಿ, ನನ್ನ ಕಚ್ಚಬೇಡ" ಎಂದು ಆಗ್ನೆಸ್ ಪಟ್ಟಿ ಸುತ್ತಿಕೊಂಡಳು. "ಅಂದ ಹಾಗೆ ಅಂಗಡಿ ಹಲಗೆ ಬದಲಾಯಿಸಿದೆ. ಗೋಪುರ ಅಳಿಸಿ ಹಸು ಬರೆಸಿದೀನಿ. ಬಾವುಟ ಉಳಿಸ್ಕೊಂಡೆ, ಚೆನ್ನಾಗಿತ್ತು."

"ಬಾವುಟ ಎಲ್ಲಿದೆ?"

"ಹಸು ಮೇಲೆ."

ಅವಳು ಹೋದ ಮೇಲೆ ಕಿಟಕಿ ಒರೆಸಿದೆ. ಪರದೆ ಯಾಕೋ ಹಳೆಯದಾಗಿದೆ ಅನಿಸಿತು, ಬಿಚ್ಚಿ ಒರೆಸುವ ಬಟ್ಟೆಯ ಬುಟ್ಟಿಗೆ ಹಾಕಿದೆ.

ಜನವರಿ 31, ಗುರುವಾರ

ಲ್ಯಾಂಟಿ ಇನ್ನೂ ಏನೂ ಹೇಳಿಲ್ಲ. ಇವತ್ತು ಪ್ರಾರ್ಥನೆಯಲ್ಲಿ ಆಫ್ರಿಕದವರು, ಆಸ್ಪತ್ರೆಯಲ್ಲಿರುವವರು, ನಮ್ಮ ಲಿವರ್‌ಪೂಲ್ ಬೋಧಕನ ಕೆಮ್ಮು, ಎಲ್ಲ ಮುಗಿಸಿ ಆಮೆನ್ ಎನ್ನುವ ಮುಂಚೆ ಬಾಯಿಂದ ಬಂದುಬಿಟ್ಟಿತು. ನನಗೆ ಹೋಗಲು ಇಷ್ಟವಿಲ್ಲ. ನಿನ್ನ ಚಿತ್ತ ಏನೇ ಇರಲಿ, ನನ್ನದು ಇದು, ನಿನಗೆ ತಿಳಿದಿರಲಿ.

ದೇವರ ಹತ್ತಿರ ಹೀಗೆ ಮಾತಾಡಬಾರದು. ಆದರೆ ಆಮೇಲೆ ಚೆನ್ನಾಗಿ ನಿದ್ದೆ ಬಂತು.

ಫೆಬ್ರವರಿ 2, ಶನಿವಾರ

ಮೇಣಬತ್ತಿ ಹಬ್ಬ. ಲ್ಯಾಂಟಿ ಬೆಳಿಗ್ಗೆಯೇ ಗಡ್ಡ ಕೆರೆದು, ಮದುವೆ-ಮಣ್ಣಿಗೆ ಹಾಕುವ ಸೂಟು ಹಾಕಿಕೊಂಡ. ನಿನ್ನೆ ರಾತ್ರಿಯೇ ಕೇಳಬೇಕೆಂದಿದ್ದೆ. ಬೆಳಿಗ್ಗೆಯೂ ಕೇಳಬೇಕೆಂದಿದ್ದೆ. ಬದಲಿಗೆ ಕಾಲರ್ ಸರಿಮಾಡಿ ಕಳಿಸಿದೆ. ಅವನ ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ನನ್ನನ್ನೇ ಬೈದುಕೊಂಡೆ.

ಮಾಡಲು ಕೆಲಸ ಕಾಣದೆ ಮಾಂಸ, ಆಲೂಗಡ್ಡೆ ಹಾಕಿ ಪಾತ್ರೆ ಒಲೆಗಿಟ್ಟೆ. ಕುರಿಮಾಂಸ. ಕಟುಕ ಕೊಡುವಾಗ ನನ್ನ ಮುಖ ನೋಡಿದ್ದ, ನಾನು ದುಡ್ಡು ಕೊಟ್ಟು ಬಂದಿದ್ದೆ.

ಮಧ್ಯಾಹ್ನ ಗಾಡಿ ಬಂತು. ಲ್ಯಾಂಟಿ ಮನೆಗೆ ಬರಲಿಲ್ಲ, ಸೀದಾ ಕೊಟ್ಟಿಗೆಗೆ ಹೋದ. ಒಳಗೆ ಏನೇನೋ ಉರುಳಿಸುವ ಸದ್ದು. ಆಮೇಲೆ ಸೂಟಿನಲ್ಲೇ, ಕೈಯಲ್ಲೊಂದು ತುಕ್ಕು ಹಿಡಿದ ಡಬ್ಬಿ ಹಿಡಿದು, ಬಾಗಿಲಲ್ಲಿ ನಿಂತ. ಕುರಿಯ ಬೆನ್ನಿಗೆ ನಮ್ಮ ಗುರುತು ಹಾಕುವ ಕೆಂಪು ಬಣ್ಣ.

"ಪೂರ್ತಿ ಗಟ್ಟಿಯಾಗಿದೆ. ಅಗಸೆ ಎಣ್ಣೆ ಎಲ್ಲಿಟ್ಟಿದೀಯ?"

ಎಣ್ಣೆ ಕೊಟ್ಟು ಸುಮ್ಮನಾಗಬಹುದಿತ್ತು. ನಾವು ಹಾಗೇ ಬದುಕಿದವರು.

"ಏಜೆಂಟ್‌ಗೆ ಏನು ಹೇಳಿ ಬಂದೆ?"

"ಗೊತ್ತಾಗ್ತಿದೆಯಲ್ಲ" ಎಂದು ಡಬ್ಬಿ ಎತ್ತಿ ತೋರಿಸಿದ.

"ನಂಗೆ ಗೊತ್ತಾಗ್ತಿಲ್ಲ. ಬಾಯಿಬಿಟ್ಟು ಹೇಳು ಲ್ಯಾಂಟಿ. ಇನ್ನೂರೈವತ್ತು ವರ್ಷ ಆದ್ಮೇಲೆ ಯಾರಾದ್ರೂ ಬಂದು ಅಗೆದು ತಿಳ್ಕೋಬೇಕಾ?"

ಅವನು ನೆಲ ನೋಡಿದ. ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಕಿವಿ ಕೆಂಪಾಯಿತು.

"ಇರ್ತೀವಿ ಅಂದೆ."

"ಕೇಳಿಸ್ಲಿಲ್ಲ."

"ಇರ್ತೀವಿ ಕಣೇ!" ಎಂದು ಕೂಗಿದ. ಅಂಗಳದ ಕೋಳಿಗಳೆಲ್ಲ ಹಾರಿದವು.

ಸೂಟಿನ ತೋಳಿಗೆ ಕೆಂಪು ಮೆತ್ತಿದೆ, ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಮುಂದಿನ ಮದುವೆಗೆ ಅದನ್ನೇ ಹಾಕಿಕೊಂಡು ಬರಲಿ.